ಬೋಯಿಂಕ್ ಹಾಕಿದರೆ ಲ್ಯಾಪ್‌ಟಾಪ್ 97 ಡಿಗ್ರಿ, ಫ್ಯಾನ್ ಏರಿಳಿತ, ಆಗಾಗ ತಾನೇ ಆಫ್: ಎಲ್ಲಿಂದ ಶುರು ಮಾಡಬೇಕು?

ಗಣಕಮಿತ್ರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಲ್ಯಾಪ್‌ಟಾಪ್ ವಿವರ: 6 ಕೋರ್, 12 ಥ್ರೆಡ್, 45 ವ್ಯಾಟ್ ದರ್ಜೆಯ ಇಂಟೆಲ್ ಪ್ರೊಸೆಸರ್, ಬೇಸ್ ಕ್ಲಾಕ್ (ಸಾಮಾನ್ಯ ವೇಗ) 2.6 ಗಿಗಾಹರ್ಟ್ಸ್. ಬೇರೆಯದೇ ಎನ್ವಿಡಿಯಾ ಜಿಪಿಯು (ಗ್ರಾಫಿಕ್ಸ್ ಚಿಪ್) ಇದೆ. 16 ಜಿಬಿ ರ‍್ಯಾಮ್, ವಿಂಡೋಸ್ 11. ಕೊಂಡು ಮೂರು ವರ್ಷ ದಾಟಿದೆ, ಒಳಗೆ ಯಾರೂ ಬಿಚ್ಚಿಲ್ಲ.

ಬೋಯಿಂಕ್ ಅಂದರೆ ನಮ್ಮ ಕಂಪ್ಯೂಟರಿನ ಬಿಡುವಿನ ಶಕ್ತಿಯನ್ನು ವಿಜ್ಞಾನದ ಲೆಕ್ಕಗಳಿಗೆ ದಾನ ಕೊಡುವ ತಂತ್ರಾಂಶ. ಅದರಲ್ಲಿ ನನ್ನದು ಎರಡು ಪ್ರಾಜೆಕ್ಟ್: ಸಿಪಿಯುಗೆ (ಪ್ರೊಸೆಸರ್‌ಗೆ) ಅವಿಭಾಜ್ಯ ಸಂಖ್ಯೆ ಹುಡುಕುವ ಪ್ರೈಮ್‌ಗ್ರಿಡ್, ಜಿಪಿಯುಗೆ ಖಗೋಳ ದತ್ತಾಂಶ ಜಾಲಾಡುವ ಐನ್‌ಸ್ಟೈನ್ ಅಟ್ ಹೋಮ್. ಕೆಲಸ ಶುರುವಾದ ತಕ್ಷಣ ಸಿಪಿಯು 97–98 ಡಿಗ್ರಿಗೆ ಹೋಗುತ್ತದೆ. ಫ್ಯಾನ್ ಜೋರಾಗುತ್ತದೆ, ಇಳಿಯುತ್ತದೆ, ಮತ್ತೆ ಜೋರಾಗುತ್ತದೆ. ಕ್ಲಾಕ್ 4 ಗಿಗಾಹರ್ಟ್ಸ್‌ನಿಂದ 2.2ಕ್ಕೆ ಬೀಳುತ್ತದೆ. ಕೆಲವೊಮ್ಮೆ ಯಾವ ಸೂಚನೆಯೂ ಇಲ್ಲದೆ ಯಂತ್ರವೇ ಆಫ್ ಆಗುತ್ತದೆ. ಕೆಲವು ಟಾಸ್ಕ್‌ಗಳು "ಕಂಪ್ಯುಟೇಶನ್ ಎರರ್" ಎಂದು ಮುಗಿಯುತ್ತಿವೆ.

ಸಿಪಿಯು ಟೈಮ್ ಅನ್ನು 60 ಪರ್ಸೆಂಟ್‌ಗೆ ಇಳಿಸಿದ್ದೇನೆ. ಕೆಳಗೆ ಕೂಲಿಂಗ್ ಪ್ಯಾಡ್ ಇದೆ. ಪ್ರಾಜೆಕ್ಟ್ ವೆಬ್‌ಸೈಟ್‌ನಲ್ಲಿ ಸಿಪಿಯು ಸಂಖ್ಯೆಯನ್ನೂ ಕಡಿಮೆ ಮಾಡಿದೆ, ಆದರೆ ಲ್ಯಾಪ್‌ಟಾಪ್‌ನಲ್ಲಿ ಏನೂ ಬದಲಾಗಲಿಲ್ಲ. ಬೋಯಿಂಕ್ ಬಿಡುವ ಮನಸ್ಸಿಲ್ಲ. ಚಿಪ್‌ಗೂ ಹೀಟ್‌ಸಿಂಕ್‌ಗೂ (ಶಾಖ ಹೊರಹಾಕುವ ಲೋಹದ ಭಾಗಕ್ಕೂ) ನಡುವಿನ ಥರ್ಮಲ್ ಪೇಸ್ಟ್ ಬದಲಿಸುವುದೇ ದಾರಿಯೇ, ಅಥವಾ ಅದಕ್ಕೂ ಮೊದಲು ಮಾಡುವುದೇನಾದರೂ ಇದೆಯೇ?

ಶಾಖಮಾಪಕ

ಸರ್, ಸ್ಕ್ರೂಡ್ರೈವರ್ ಸದ್ಯಕ್ಕೆ ಪಕ್ಕಕ್ಕಿಡಿ. ಬಿಚ್ಚಬೇಕೋ ಬೇಡವೋ ಎಂಬುದನ್ನು ಅಳತೆಯೇ ಹೇಳುತ್ತದೆ.

ಮೊದಲು ಆ 60 ಪರ್ಸೆಂಟ್ ವಿಷಯ. ಬೋಯಿಂಕ್‌ನಲ್ಲಿ ಹೆಸರು ಹತ್ತಿರ ಹತ್ತಿರ ಇರುವ ಎರಡು ಸೆಟ್ಟಿಂಗ್ ಇವೆ. ಒಂದು "ಯೂಸ್ ಅಟ್ ಮೋಸ್ಟ್ ಇಷ್ಟು ಪರ್ಸೆಂಟ್ ಆಫ್ ದ ಸಿಪಿಯೂಸ್", ಅಂದರೆ ಎಷ್ಟು ಥ್ರೆಡ್ ಬಳಸಬೇಕು ಎಂಬುದು. ಇನ್ನೊಂದು "ಪರ್ಸೆಂಟ್ ಆಫ್ ಸಿಪಿಯು ಟೈಮ್". ಈ ಎರಡನೆಯದು ಪ್ರೊಸೆಸರ್ ವೇಗವನ್ನು ಇಳಿಸುವುದಿಲ್ಲ. ಟಾಸ್ಕ್‌ಗಳನ್ನು ಕೆಲವು ಸೆಕೆಂಡ್ ಪೂರ್ತಿ ಓಡಿಸಿ, ಕೆಲವು ಸೆಕೆಂಡ್ ನಿಲ್ಲಿಸುತ್ತದೆ. 60 ಪರ್ಸೆಂಟ್ ಅಂದರೆ 3 ಸೆಕೆಂಡ್ ಓಟ, 2 ಸೆಕೆಂಡ್ ತಡೆ, ಈ ಲೆಕ್ಕದಲ್ಲಿ. ಆ ಓಟದ ಹೊತ್ತಿನಲ್ಲಿ ಟರ್ಬೊ (ಬೇಸ್ ಕ್ಲಾಕ್‌ಗಿಂತ ಮೇಲಿನ ವೇಗ) ಪೂರ್ತಿ ಏರುತ್ತದೆ, ವೋಲ್ಟೇಜ್ ಏರುತ್ತದೆ, ಚಿಪ್ ಕ್ಷಣದಲ್ಲಿ ತುದಿ ಮುಟ್ಟುತ್ತದೆ. ತಡೆಯ ಹೊತ್ತಿನಲ್ಲಿ ಇಳಿಯುತ್ತದೆ. ನಿಮ್ಮ ಫ್ಯಾನ್ ಏರಿಳಿತಕ್ಕೆ ಇದೇ ಕಾರಣ. ಸರಾಸರಿ ಶಾಖ ಕಡಿಮೆಯಾದರೂ ತುದಿ ಹಾಗೇ ಉಳಿಯುತ್ತದೆ, ಜೊತೆಗೆ ದಿನವಿಡೀ ಬಿಸಿ–ತಂಪು ಬಿಸಿ–ತಂಪು. ಅದನ್ನು 100ಕ್ಕೆ ವಾಪಸ್ ಇಡಿ. ಕಡಿಮೆ ಮಾಡಬೇಕಾದದ್ದು ಸಮಯವನ್ನಲ್ಲ, ವ್ಯಾಟ್‌ಗಳನ್ನು.

ವ್ಯಾಟ್ ಇಳಿಸುವ ಅತಿ ಸುಲಭದ ದಾರಿ ಟರ್ಬೊ ಬಂದ್ ಮಾಡುವುದು. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್, ಅದರೊಳಗೆ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್. ಅಲ್ಲಿ "ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್" 100 ಇರುವುದನ್ನು 99 ಮಾಡಿ. ಇಳಿಸಿದ್ದು ಒಂದೇ ಪರ್ಸೆಂಟ್ ಅನ್ನಿಸಿದರೂ ಪರಿಣಾಮ ದೊಡ್ಡದು: 99 ಎಂದರೆ ವಿಂಡೋಸ್ ಟರ್ಬೊ ಕೊಡುವುದಿಲ್ಲ, ಬೇಸ್ ಕ್ಲಾಕ್‌ನಲ್ಲೇ ನಿಲ್ಲಿಸುತ್ತದೆ. ಅಲ್ಲೇ "ಸಿಸ್ಟಮ್ ಕೂಲಿಂಗ್ ಪಾಲಿಸಿ" ಕೂಡ ಇದೆ, ಅದು ಆ್ಯಕ್ಟಿವ್ ಇರಲಿ. ಪ್ಯಾಸಿವ್ ಇದ್ದರೆ ಫ್ಯಾನ್ ಏರಿಸುವ ಮೊದಲು ಕ್ಲಾಕ್ ಇಳಿಸುತ್ತದೆ.

ಯಾಕೆ ಇಷ್ಟು ವ್ಯತ್ಯಾಸ ಎಂದರೆ, ಚಿಪ್ ಸುಡುವ ವಿದ್ಯುತ್ತು ಕ್ಲಾಕ್‌ಗೆ ನೇರ ಅನುಪಾತದಲ್ಲಿದೆ, ವೋಲ್ಟೇಜ್‌ಗೆ ವರ್ಗದ ಅನುಪಾತದಲ್ಲಿ. 4 ಗಿಗಾಹರ್ಟ್ಸ್‌ಗೆ 1.1 ವೋಲ್ಟ್, 2.6ಕ್ಕೆ 0.8 ವೋಲ್ಟ್ ಎಂದುಕೊಂಡರೆ ವೇಗ 65 ಪರ್ಸೆಂಟ್‌ಗೆ ಇಳಿಯುತ್ತದೆ, ವಿದ್ಯುತ್ತು 34 ಪರ್ಸೆಂಟ್‌ಗೆ. ಮೂರನೇ ಒಂದು ಭಾಗ ವೇಗ ಬಿಟ್ಟು ಮೂರನೇ ಎರಡು ಭಾಗ ಶಾಖ ಕಳೆದುಕೊಂಡಂತಾಯಿತು. ಹೇಗೂ ಈಗ 2.2ಕ್ಕೆ ಬೀಳುತ್ತಿದ್ದೀರಿ. ಸ್ಥಿರವಾದ 2.6 ಇದಕ್ಕಿಂತ ಹೆಚ್ಚೇ ಕೆಲಸ ಮಾಡುತ್ತದೆ.

ಆಮೇಲೆ "ಆಫ್ ದ ಸಿಪಿಯೂಸ್" 50 ಪರ್ಸೆಂಟ್ ಮಾಡಿ. 12 ಥ್ರೆಡ್‌ನಲ್ಲಿ 6 ಆಯಿತು. ಬಿಡುವಿದ್ದಾಗ ವಿಂಡೋಸ್ ಸಾಮಾನ್ಯವಾಗಿ ಒಂದೊಂದು ಕೋರ್‌ಗೆ ಒಂದೊಂದನ್ನು ಹಂಚುತ್ತದೆ.

ವೆಬ್‌ಸೈಟ್‌ನಲ್ಲಿ ಬದಲಿಸಿದ್ದು ಹಿಡಿಯದಿರುವುದಕ್ಕೆ ಕಾರಣ: ಬೋಯಿಂಕ್ ಮ್ಯಾನೇಜರ್‌ನಲ್ಲಿ ಒಮ್ಮೆ ಕಂಪ್ಯೂಟಿಂಗ್ ಪ್ರಿಫರೆನ್ಸಸ್ ಉಳಿಸಿದರೆ ಆ ಯಂತ್ರಕ್ಕೆ ಅದೇ ಅಂತಿಮ, ವೆಬ್‌ನದ್ದು ಲೆಕ್ಕಕ್ಕಿಲ್ಲ. ಅದೇ ಕಿಟಕಿಯ ಮೇಲ್ಭಾಗದಲ್ಲಿ "ಯೂಸ್ ವೆಬ್ ಪ್ರಿಫ್ಸ್" ಬಟನ್ ಒತ್ತಿದರೆ ಮಾತ್ರ ವೆಬ್‌ನದ್ದು ಮರಳುತ್ತದೆ. ಲ್ಯಾಪ್‌ಟಾಪ್‌ಗೆ ಲೋಕಲ್ ಸೆಟ್ಟಿಂಗೇ ಒಳ್ಳೆಯದು, ಅಲ್ಲೇ ಬದಲಿಸಿ.

ಇಷ್ಟು ಮಾಡಿ ತಾಪ, ವ್ಯಾಟ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಎಂಬ ತಂತ್ರಾಂಶ ಹಾಕಿಕೊಳ್ಳಿ, "ಸೆನ್ಸರ್ಸ್ ಓನ್ಲಿ" ಗುರುತು ಮಾಡಿ ತೆರೆಯಿರಿ. ಜಿಪಿಯು ಕೆಲಸ ನಿಲ್ಲಿಸಿ, ಸಿಪಿಯು ಕೆಲಸ ಮಾತ್ರ 20 ನಿಮಿಷ ಓಡಿಸಿ. ಇಲ್ಲಿ ಬರೆಯಬೇಕಾದದ್ದು: ಸಿಪಿಯು ಪ್ಯಾಕೇಜ್ ಪವರ್, ಪ್ರತಿ ಕೋರ್‌ನ ತಾಪ, ಫ್ಯಾನ್ ಆರ್‌ಪಿಎಂ, "ಥರ್ಮಲ್ ಥ್ರಾಟ್ಲಿಂಗ್" (ಶಾಖ ಹೆಚ್ಚಾಗಿ ಚಿಪ್ ತಾನೇ ವೇಗ ಇಳಿಸುವುದು) ಸಾಲುಗಳಲ್ಲಿ ಯೆಸ್ ಇದೆಯೇ, ಕೋಣೆಯ ತಾಪ. ಇನ್ನೊಂದು ಬಹಳ ಮುಖ್ಯ: ಕೆಲಸ ಶುರುವಾದ ಮೊದಲ 2–3 ಸೆಕೆಂಡ್‌ನಲ್ಲೇ ತಾಪ ಜಿಗಿಯುತ್ತದೆಯೇ, ಅಥವಾ ನಿಧಾನಕ್ಕೆ ಏರುತ್ತದೆಯೇ ನೋಡಿ. ಹೊರಬರುವ ಗಾಳಿಗೆ ಕೈ ಹಿಡಿದು ಅದು ಜೋರಾಗಿದೆಯೇ, ಬಿಸಿಯಾಗಿದೆಯೇ ಎಂಬುದನ್ನೂ ಹೇಳಿ.

ತಂಪುಗಾಳಿ

ಶಾಖಮಾಪಕ ಹೇಳಿದ್ದೆಲ್ಲ ಸರಿ. ಕೂಲಿಂಗ್ ಪ್ಯಾಡ್ ಬಗ್ಗೆ ಎರಡು ಮಾತು, ಆಮೇಲೆ ಪ್ರಾಜೆಕ್ಟ್ ಬಗ್ಗೆ.

ಪ್ಯಾಡ್‌ನ ಫ್ಯಾನ್ ಲ್ಯಾಪ್‌ಟಾಪ್ ತಳದ ಗಾಳಿಕಿಂಡಿಯ ನೇರ ಕೆಳಗೆ ಬಂದು ಮೇಲಕ್ಕೆ ಊದಿದರೆ ಕೆಲವು ಡಿಗ್ರಿ ಇಳಿಯುತ್ತದೆ. ಕಿಂಡಿ ಎಲ್ಲೋ, ಫ್ಯಾನ್ ಎಲ್ಲೋ ಇದ್ದರೆ ಸದ್ದು ಮಾತ್ರ ಲಾಭ. ಹಿಂಭಾಗವನ್ನು ಎರಡು ಮೂರು ಸೆಂಟಿಮೀಟರ್ ಎತ್ತಿ ಗಟ್ಟಿ ಮೇಜಿನ ಮೇಲಿಟ್ಟರೂ ಬಹುಪಾಲು ಅದೇ ಫಲ ಸಿಗುತ್ತದೆ. ಮುಚ್ಚಳ ಮುಚ್ಚಿ ಓಡಿಸಬೇಡಿ. ಕೀಬೋರ್ಡ್ ಸಂದಿಯಿಂದ ಗಾಳಿ ಎಳೆಯುವ ಮಾದರಿಗಳಿವೆ, ಬಿಸಿಗಾಳಿ ಹಿಂಜ್ ಬಳಿ ಹೊರಬಿದ್ದು ಸ್ಕ್ರೀನ್‌ಗೆ ಬಡಿಯುವ ಮಾದರಿಗಳೂ ಇವೆ.

ಇನ್ನು ಪ್ರೈಮ್‌ಗ್ರಿಡ್. ಅದರ ಎಲ್‌ಎಲ್‌ಆರ್ (ಅವಿಭಾಜ್ಯ ಸಂಖ್ಯೆ ಪರೀಕ್ಷಿಸುವ) ಟಾಸ್ಕ್‌ಗಳು ಬಹಳ ದೊಡ್ಡ ಸಂಖ್ಯೆಗಳ ಗುಣಾಕಾರವನ್ನು ಎಫ್‌ಎಫ್‌ಟಿ ವಿಧಾನದಲ್ಲಿ, ಒಮ್ಮೆಗೇ ಹಲವು ಸಂಖ್ಯೆಗಳ ಲೆಕ್ಕ ಮಾಡುವ ಎವಿಎಕ್ಸ್, ಎಫ್‌ಎಂಎ ಎಂಬ ಪ್ರೊಸೆಸರ್ ಸೂಚನೆಗಳಲ್ಲಿ ಮಾಡುತ್ತವೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಲ್ಲ ಪ್ರಾಜೆಕ್ಟೂ 100 ಪರ್ಸೆಂಟೇ ತೋರಿಸುತ್ತದೆ, ಆದರೆ ಆ 100 ಮತ್ತೊಂದು 100ಕ್ಕೆ ಸಮವಲ್ಲ. ಒಂದೇ ಕ್ಲಾಕ್‌ನಲ್ಲಿ ಎವಿಎಕ್ಸ್ ಲೆಕ್ಕ ಸಾಮಾನ್ಯ ಲೆಕ್ಕಕ್ಕಿಂತ ಹೆಚ್ಚು ವ್ಯಾಟ್ ಎಳೆಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಅದೇ ಬೇಕೆಂದರೆ ಪ್ರೈಮ್‌ಗ್ರಿಡ್ ಪ್ರಿಫರೆನ್ಸಸ್‌ನಲ್ಲಿ ಮಲ್ಟಿ-ಥ್ರೆಡಿಂಗ್ ಆಯ್ಕೆ ಇದೆ: ಆರು ಟಾಸ್ಕ್ ಬೇರೆ ಬೇರೆ ಓಡಿಸುವ ಬದಲು ಒಂದೇ ಟಾಸ್ಕ್‌ಗೆ 4 ಥ್ರೆಡ್ ಕೊಡಿ. ಕ್ಯಾಶ್ ಮೇಲಿನ ಪೈಪೋಟಿ ತಪ್ಪುತ್ತದೆ, ಒಂದೊಂದು ಟಾಸ್ಕೂ ಬೇಗ ಮುಗಿಯುತ್ತದೆ.

ಪ್ರಾಜೆಕ್ಟ್‌ಗೆ ಮಿತಿ ಹಾಕಲು ಇನ್ನೊಂದು ದಾರಿ ಆ್ಯಪ್-ಕಾನ್ಫಿಗ್ ಎಂಬ ಎಕ್ಸ್‌ಎಂಎಲ್ ಫೈಲ್. ಪ್ರೋಗ್ರಾಂಡೇಟಾದ ಬೋಯಿಂಕ್ ಫೋಲ್ಡರ್‌ನಲ್ಲಿ ಪ್ರಾಜೆಕ್ಟ್ಸ್, ಅದರಲ್ಲಿ ಆಯಾ ಪ್ರಾಜೆಕ್ಟ್‌ನ ಫೋಲ್ಡರ್, ಅದರೊಳಗೆ ಇಡಬೇಕು. "ಪ್ರಾಜೆಕ್ಟ್ ಮ್ಯಾಕ್ಸ್ ಕಾನ್‌ಕರೆಂಟ್" ಎಂಬ ಟ್ಯಾಗ್‌ನಲ್ಲಿ ಒಮ್ಮೆಗೆ ಎಷ್ಟು ಟಾಸ್ಕ್ ಎಂದು ಬರೆದು, ಮ್ಯಾನೇಜರ್‌ನ ಆಪ್ಷನ್ಸ್‌ನಲ್ಲಿ "ರೀಡ್ ಕಾನ್ಫಿಗ್ ಫೈಲ್ಸ್" ಒತ್ತಿದರೆ ಸಾಕು, ರೀಸ್ಟಾರ್ಟ್ ಬೇಡ. ನೋಟ್‌ಪ್ಯಾಡ್ ಕೊನೆಗೆ ಗುಟ್ಟಾಗಿ ಟಿಎಕ್ಸ್‌ಟಿ ಎಕ್ಸ್‌ಟೆನ್ಶನ್ ಅಂಟಿಸುತ್ತದೆ, ಅದನ್ನು ನೋಡಿಕೊಳ್ಳಿ. ಫೈಲ್ ಹಿಡಿಯದೆ ಇರುವುದು ಹೆಚ್ಚಾಗಿ ಇದರಿಂದಲೇ.

ಜಿಪಿಯು ವಿಷಯ ಮರೆಯಬೇಡಿ. ಇಂಥ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಸಿಪಿಯು, ಜಿಪಿಯು ಎರಡರ ಮೇಲೂ ಹಾಯುವ ಹೀಟ್‌ಪೈಪ್ (ಶಾಖ ಸಾಗಿಸುವ ತಾಮ್ರದ ಕೊಳವೆ) ಒಂದೇ. ಜಿಪಿಯು 60 ವ್ಯಾಟ್ ಸುರಿದರೆ ಸಿಪಿಯು ಸುಮ್ಮನಿದ್ದರೂ ಬಿಸಿಯಾಗುತ್ತದೆ. ಮೇಲಾಗಿ ಎನ್ವಿಡಿಯಾದಲ್ಲಿ ಐನ್‌ಸ್ಟೈನ್‌ನ ಓಪನ್‌ಸಿಎಲ್ ಟಾಸ್ಕ್ ಸಿಪಿಯುದ ಒಂದು ಥ್ರೆಡ್ಡನ್ನು ಹೆಚ್ಚುಕಡಿಮೆ ಪೂರ್ತಿ ಹಿಡಿದುಕೊಳ್ಳುತ್ತದೆ. ಜಿಪಿಯು ಹೊಂದಿಸುವ ಆಫ್ಟರ್‌ಬರ್ನರ್ ತಂತ್ರಾಂಶದ ವೋಲ್ಟೇಜ್ ಕರ್ವ್‌ನಲ್ಲಿ 750–800 ಮಿಲಿವೋಲ್ಟ್ ಬಿಂದುವಿನಿಂದ ಬಲಕ್ಕೆ ಗೆರೆಯನ್ನು ಸಮತಟ್ಟು ಮಾಡಿದರೆ ಜಿಪಿಯು ಅದಕ್ಕಿಂತ ಮೇಲಿನ ವೋಲ್ಟೇಜ್ ಮುಟ್ಟುವುದಿಲ್ಲ. ಪ್ರೊಸೆಸರ್‌ನಲ್ಲಿ ಟರ್ಬೊ ತೆಗೆದಾಗ ಸಿಕ್ಕ ಲಾಭವೇ ಇಲ್ಲೂ ಸಿಗುತ್ತದೆ.

ಗಣಕಮಿತ್ರ

ಇಬ್ಬರಿಗೂ ಧನ್ಯವಾದ. ಟರ್ಬೊ ತೆಗೆದು, ಸಿಪಿಯು ಟೈಮ್ 100, ಸಿಪಿಯು ಸಂಖ್ಯೆ 50 ಪರ್ಸೆಂಟ್ ಮಾಡಿದೆ. ಫ್ಯಾನ್ ಏರಿಳಿತ ನಿಂತಿತು. ಜಿಪಿಯು ಇಲ್ಲದೆ 20 ನಿಮಿಷದ ಬಳಿಕ ಅಳತೆ ಹೀಗಿದೆ:

ಪ್ಯಾಕೇಜ್ ಪವರ್ 26 ವ್ಯಾಟ್. ಕ್ಲಾಕ್ 2.6ರಲ್ಲಿ ಸ್ಥಿರ. ತಾಪ 90. ಕೋರ್‌ಗಳಲ್ಲಿ ಅತಿ ಬಿಸಿ 90, ಅತಿ ತಂಪು 76. ಫ್ಯಾನ್ ಸುಮಾರು 4,800 ಆರ್‌ಪಿಎಂ, ಅದೇ ಅದರ ಗರಿಷ್ಠ ಇರಬೇಕು. ಥ್ರಾಟ್ಲಿಂಗ್ "ನೋ". ಕೋಣೆ 27 ಡಿಗ್ರಿ. ಕೆಲಸ ಶುರುವಾದ ಕೂಡಲೇ 74ಕ್ಕೆ ಜಿಗಿದು, ಅಲ್ಲಿಂದ ಆರೇಳು ನಿಮಿಷದಲ್ಲಿ ನಿಧಾನಕ್ಕೆ 90 ಮುಟ್ಟಿತು. ಹೊರಬರುವ ಗಾಳಿ ಬಹಳ ಕಡಿಮೆ, ಆದರೆ ಬರುವಷ್ಟು ಬಿಸಿಯಾಗಿದೆ. ಬಲಗಡೆ ಕಿಂಡಿಯಲ್ಲಿ ಗಾಳಿ ಇದೆ, ಎಡಗಡೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಶಾಖಮಾಪಕ

ಚೆನ್ನಾಗಿ ಅಳೆದಿದ್ದೀರಿ ಸರ್. ಈಗ ಲೆಕ್ಕ ಹಾಕೋಣ.

ಚಿಪ್ ತಾಪದಿಂದ ಕೋಣೆಯ ತಾಪ ಕಳೆದು ವ್ಯಾಟ್‌ನಿಂದ ಭಾಗಿಸಿ: 90ರಲ್ಲಿ 27 ಹೋದರೆ 63, ಅದನ್ನು 26ರಿಂದ ಭಾಗಿಸಿದರೆ ವ್ಯಾಟ್‌ಗೆ ಸುಮಾರು 2.4 ಡಿಗ್ರಿ. ಈ ಯಂತ್ರ 45 ವ್ಯಾಟ್‌ಗೆ ಮಾಡಿದ್ದು. ನಿಮ್ಮ ದರ್ಜೆಯ ಚಿಪ್‌ಗೆ ಮಿತಿ 100 ಡಿಗ್ರಿ. 45 ವ್ಯಾಟ್ ಸತತವಾಗಿ ಹಿಡಿದಿಡಬೇಕೆಂದರೆ ಈ ಅಂಕಿ 1.6ರ ಒಳಗಿರಲೇಬೇಕು. ಹೊಸದರಲ್ಲಿ ಅದಕ್ಕಿಂತಲೂ ಕಡಿಮೆ ಇದ್ದಿರುತ್ತದೆ. ಅಂದರೆ ತೊಂದರೆ ಬೋಯಿಂಕ್‌ನದ್ದಲ್ಲ, ತಂಪಾಗಿಸುವ ವ್ಯವಸ್ಥೆಯದು. ಈ ಒಂದು ಅಂಕಿ ಬರೆದಿಟ್ಟುಕೊಳ್ಳಿ. ಕೋಣೆ ಬಿಸಿಯಾದರೂ ತಂಪಾದರೂ ಅದು ಅಷ್ಟಾಗಿ ಬದಲಾಗುವುದಿಲ್ಲ, ಹಾಗಾಗಿ ಮುಂದಿನ ವರ್ಷವೂ ಹೋಲಿಸಿ ನೋಡಬಹುದು. ಬರೀ "90 ಡಿಗ್ರಿ" ಅಂದರೆ ಏನೂ ತಿಳಿಯುವುದಿಲ್ಲ.

ಎಲ್ಲಿ ಕೆಟ್ಟಿದೆ ಎಂಬುದನ್ನು ತಾಪ ಏರಿದ ರೀತಿಯೇ ಹೇಳುತ್ತದೆ. ಚಿಪ್‌ನಿಂದ ಹೀಟ್‌ಸಿಂಕ್‌ಗೆ ಶಾಖ ದಾಟುವ ಜಾಗ, ಅಂದರೆ ಪೇಸ್ಟ್, ಕೆಟ್ಟಿದ್ದರೆ ಜಿಗಿತ ಸೆಕೆಂಡ್‌ಗಳಲ್ಲಿ ಆಗುತ್ತದೆ. ಚಿಪ್ ಬಹಳ ಸಣ್ಣದು, ಶಾಖ ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ಹೀಟ್‌ಸಿಂಕ್‌ನಿಂದ ಗಾಳಿಗೆ ಶಾಖ ಹೋಗದಿದ್ದರೆ ತಾಮ್ರ ನಿಮಿಷಗಟ್ಟಲೆ ಕಾಯುತ್ತಾ ಹೋಗುತ್ತದೆ. ನಿಮ್ಮಲ್ಲಿ ಎರಡೂ ಇದೆ. ಆರಂಭದ ಜಿಗಿತ ದೊಡ್ಡದು, ಕೋರ್‌ಗಳ ನಡುವೆ 14 ಡಿಗ್ರಿ ಅಂತರವೂ ಇದೆ. ಹಾಗಾಗಿ ಪೇಸ್ಟ್ ಸಮನಾಗಿ ಉಳಿದಿಲ್ಲ. ಆಮೇಲಿನ ನಿಧಾನದ ಏರಿಕೆ, ಫ್ಯಾನ್ ಪೂರ್ತಿ ತಿರುಗಿದರೂ ಎಡಗಡೆ ಗಾಳಿ ಇಲ್ಲದಿರುವುದು: ಅದು ಫಿನ್‌ಗಳ (ಹೀಟ್‌ಸಿಂಕ್‌ನ ತೆಳು ಲೋಹದ ಎಲೆಗಳ) ಮುಂದೆ ಕಟ್ಟಿರುವ ಧೂಳು. ಗಾಳಿ ಜೋರಾಗಿ ಬಂದು ತಣ್ಣಗಿದ್ದಿದ್ದರೆ ಪೇಸ್ಟ್ ಒಂದೇ ಅನ್ನುತ್ತಿದ್ದೆ.

ಹೇಗೂ ಬಿಚ್ಚಬೇಕು. ಬಿಚ್ಚಿದ ಮೇಲೆ ಎರಡನ್ನೂ ಮುಗಿಸಿಬಿಡಿ.

ಸ್ಕ್ರೂಡ್ರೈವರ್

ಬಿಚ್ಚುವ ಭಾಗ ನಾನು ಬರೆಯುತ್ತೇನೆ. ವಾರಂಟಿ ಇನ್ನೂ ಇದ್ದರೆ ಮೊದಲು ಅದರ ಷರತ್ತು ನೋಡಿಕೊಳ್ಳಿ. ನಿಮ್ಮ ಮಾದರಿಯ ಸರ್ವೀಸ್ ಮ್ಯಾನುಯಲ್ ಇಳಿಸಿಕೊಂಡು ತೆರೆದಿಟ್ಟುಕೊಳ್ಳಿ. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ, ಉದ್ದದ್ದನ್ನು ಗಿಡ್ಡದ್ದರ ಜಾಗಕ್ಕೆ ಹಾಕಿದರೆ ಬೋರ್ಡ್‌ಗೆ ಚುಚ್ಚುತ್ತದೆ. ಒಂದು ಕಾಗದದ ಮೇಲೆ ತಳದ ಆಕಾರ ಬರೆದು ಆಯಾ ಸ್ಕ್ರೂವನ್ನು ಆಯಾ ಜಾಗದಲ್ಲೇ ಚುಚ್ಚಿಡಿ.

ಬೇಕಾದದ್ದು: ಸಣ್ಣ ಫಿಲಿಪ್ಸ್ ಸ್ಕ್ರೂಡ್ರೈವರ್, ಪ್ಲಾಸ್ಟಿಕ್ ಪಟ್ಟಿ, 90 ಪರ್ಸೆಂಟ್‌ಗಿಂತ ಮೇಲಿನ ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ, ಮೆತ್ತನೆಯ ಬ್ರಶ್, ವಿದ್ಯುತ್ತು ಹರಿಸದ ಪೇಸ್ಟ್.

ಬಿಚ್ಚುವ ಮೊದಲು ಐದು ನಿಮಿಷ ಕೆಲಸ ಓಡಿಸಿ ಶಟ್‌ಡೌನ್ ಮಾಡಿ. ಒಣಗಿದ ಪೇಸ್ಟ್ ಸ್ವಲ್ಪ ಮೆತ್ತಗಾಗುತ್ತದೆ. ಅಡಾಪ್ಟರ್ ಕಿತ್ತು ತಳ ತೆಗೆಯಿರಿ. ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು, ಬೇರೆ ಯಾವುದನ್ನೂ ಅದಕ್ಕೂ ಮೊದಲು ಮುಟ್ಟಬೇಡಿ. ಆಮೇಲೆ ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿದರೆ ಬೋರ್ಡ್‌ನಲ್ಲಿ ಉಳಿದ ಚಾರ್ಜ್ ಇಳಿಯುತ್ತದೆ.

ಈಗ ಧೂಳು. ಹೊರಗಿನ ಕಿಂಡಿಯಿಂದ ಏರ್ ಕ್ಯಾನ್ ಊದಿದರೆ ಹೋಗುವಂಥದ್ದಲ್ಲ ಇದು. ಫ್ಯಾನ್‌ನ ಸ್ಕ್ರೂ ತೆಗೆದು ಫ್ಯಾನನ್ನು ಎತ್ತಿ ನೋಡಿ. ಫ್ಯಾನ್‌ನ ಬಾಯಿಗೂ ತಾಮ್ರದ ಫಿನ್‌ಗಳಿಗೂ ನಡುವೆ ಬೂದು ಬಣ್ಣದ, ಕಂಬಳಿಯ ತುಂಡಿನಂಥ ಪದರ ಇರುತ್ತದೆ. ಬಟ್ಟೆಯ ನೂಲು, ಕೂದಲು, ಧೂಳು ಸೇರಿ ಒತ್ತಿ ಕೂತದ್ದು. ಫಿನ್‌ಗಳ ಸಂದಿ ಒಂದು ಮಿಲಿಮೀಟರ್ ಆಸುಪಾಸು, ನೂಲು ಅದನ್ನು ದಾಟದೆ ಅಲ್ಲೇ ನಿಲ್ಲುತ್ತದೆ. ಹೊರಗಿನಿಂದ ಊದಿದರೆ ಆ ಪದರ ಹಿಂದಕ್ಕೆ ಸರಿದು ಫ್ಯಾನ್‌ಗೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಅಲ್ಲೇ ಕೂರುತ್ತದೆ. ಚಿಮಟದಿಂದ ಒಂದು ಮೂಲೆ ಹಿಡಿದು ಎಳೆದರೆ ಇಡೀ ಪಟ್ಟಿ ಒಂದೇ ತುಂಡಾಗಿ ಬರುತ್ತದೆ. ಉಳಿದದ್ದನ್ನು ಬ್ರಶ್‌ನಿಂದ ತೆಗೆಯಿರಿ. ಫ್ಯಾನ್ ರೆಕ್ಕೆಗಳಿಗೆ ಗಾಳಿ ಊದುವಾಗ ಬೆರಳಿಂದ ರೆಕ್ಕೆ ಹಿಡಿದಿರಿ. ಬಿಟ್ಟರೆ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಎಡಬಲಕ್ಕೆ ಎರಡು ಫ್ಯಾನ್ ಇದ್ದರೆ ಎರಡನ್ನೂ ತೆಗೆಯಿರಿ, ಎಡಗಡೆಯದು ತಿರುಗುತ್ತಿದೆಯೇ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ರೆಕ್ಕೆಯನ್ನು ಬೆರಳಿಂದ ತಟ್ಟಿದರೆ ಸದ್ದಿಲ್ಲದೆ ಒಂದೆರಡು ಸುತ್ತು ಹೋಗಬೇಕು. ಬಿಗಿಯಾಗಿ ನಿಂತರೆ, ಕರಕರ ಅಂದರೆ ಫ್ಯಾನ್ ಬದಲಿಸಿ. ಎಣ್ಣೆ ಬಿಟ್ಟರೆ ಕೆಲವು ವಾರ ನಡೆದೀತು, ಅಷ್ಟೆ.

ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಅಚ್ಚಾಗಿರುತ್ತದೆ. ಬಿಚ್ಚುವಾಗ ಹಿಂದುಮುಂದಾಗಿ, ಒಂದೊಂದನ್ನೂ ಅರ್ಧ ಸುತ್ತಿನಂತೆ ಸಡಿಲಿಸುತ್ತಾ ಬನ್ನಿ. ಒಂದನ್ನು ಪೂರ್ತಿ ತೆಗೆದು ಇನ್ನೊಂದಕ್ಕೆ ಹೋದರೆ ತಟ್ಟೆ ಓರೆಯಾಗಿ ಚಿಪ್‌ನ ಅಂಚು ಸೀಳಬಹುದು. ಲ್ಯಾಪ್‌ಟಾಪ್ ಚಿಪ್‌ಗೆ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ, ಬರಿ ಸಿಲಿಕಾನ್. ನೇರ ಎಳೆಯಬೇಡಿ, ಸ್ವಲ್ಪ ತಿರುಚಿ ಬಿಡಿಸಿ.

ಆಲ್ಕೊಹಾಲ್‌ನಿಂದ ಎರಡೂ ಮೈ ಕನ್ನಡಿಯಂತೆ ಆಗುವವರೆಗೆ ಒರೆಸಿ. ತೆಗೆದ ಪೇಸ್ಟ್ ಚಿಪ್‌ನ ಮಧ್ಯದಲ್ಲಿ ತೆಳುವಾಗಿ, ಅಂಚಿಗೆ ದಪ್ಪವಾಗಿ ಸೇರಿದ್ದರೆ ಅದೇ ಪಂಪ್-ಔಟ್. ಚಿಪ್ ಕಾದಾಗ ಹಿಗ್ಗಿ, ಆರಿದಾಗ ಕುಗ್ಗಿ, ಪೇಸ್ಟನ್ನು ಸ್ವಲ್ಪ ಸ್ವಲ್ಪವೇ ಹೊರಕ್ಕೆ ದೂಡುತ್ತದೆ. ಹೊಸ ಪೇಸ್ಟನ್ನು ಬರಿ ಸಿಲಿಕಾನ್‌ನ ಪೂರ್ತಿ ಮೈಗೆ ತೆಳುವಾಗಿ ಸವರಿ. ನಡುವೆ ಒಂದು ಚುಕ್ಕಿ ಇಟ್ಟು ಒತ್ತಿದರೆ ಹರಡೀತು ಎಂಬುದು ಮುಚ್ಚಳವಿರುವ ಡೆಸ್ಕ್‌ಟಾಪ್ ಚಿಪ್‌ಗೆ ಸರಿ. ಇಲ್ಲಿ ಒಂದು ಮೂಲೆ ಬಿಟ್ಟುಹೋದರೂ ಅದರ ಕೆಳಗಿನ ಕೋರ್ ಸುಡುತ್ತದೆ. ಮೆತ್ತಗಿನ ಪೇಸ್ಟ್ ಪಂಪ್-ಔಟ್ ಬೇಗ ಆಗುತ್ತದೆ, ಗಟ್ಟಿ ಜಾತಿಯದು ಆರಿಸಿ. ಹನಿವೆಲ್‌ನ ಪಿಟಿಎಂ 7950 ಹಾಳೆ ಸಿಕ್ಕರೆ ಬೋಯಿಂಕ್ ಥರದ ದಿನವಿಡೀ ಕೆಲಸಕ್ಕೆ ಅದೇ ಮೇಲು. ಕೋಣೆಯ ತಾಪದಲ್ಲಿ ಗಟ್ಟಿ, ಸುಮಾರು 45 ಡಿಗ್ರಿಗೆ ಮೆತ್ತಗಾಗಿ ಸಂದಿ ತುಂಬುತ್ತದೆ. ಚಿಪ್‌ನ ಅಳತೆಗೆ ಕತ್ತರಿಸಿ, ಹಾಳೆ ಸುಲಿಯುವ ಮೊದಲು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟರೆ ಅಂಟದೆ ಬಿಡಿಸಿಕೊಳ್ಳುತ್ತದೆ. ಮೊದಲ ಕೆಲವು ಬಿಸಿ–ತಂಪು ಸುತ್ತು ಆದ ಮೇಲೆ ತಾಪ ಇನ್ನಷ್ಟು ಇಳಿಯುತ್ತದೆ, ಮೊದಲ ದಿನದ ಅಂಕಿ ನೋಡಿ ಬೇಸರಪಡಬೇಡಿ.

ಲಿಕ್ವಿಡ್ ಮೆಟಲ್ ಬೇಡ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಮನ್ನು ತಿನ್ನುತ್ತದೆ, ಹನಿ ಜಾರಿದರೆ ಶಾರ್ಟ್. ಕಾರ್ಖಾನೆಯಲ್ಲೇ ಲಿಕ್ವಿಡ್ ಮೆಟಲ್ ಹಾಕಿದ ಯಂತ್ರ ಎಂದು ಮ್ಯಾನುಯಲ್‌ನಲ್ಲಿದ್ದರೆ ಹೀಟ್‌ಸಿಂಕ್ ಎತ್ತಲೇಬೇಡಿ, ಧೂಳು ಮಾತ್ರ ತೆಗೆಯಿರಿ.

ಮೆಮೊರಿ ಚಿಪ್, ವಿಆರ್‌ಎಂ (ಚಿಪ್‌ಗೆ ಬೇಕಾದ ವೋಲ್ಟೇಜ್ ಒದಗಿಸುವ ಭಾಗ) ಮೇಲಿನ ಥರ್ಮಲ್ ಪ್ಯಾಡ್‌ಗಳು ಹರಿಯದಿದ್ದರೆ ಅದೇ ಜಾಗದಲ್ಲಿ ಉಳಿಸಿ. ಬದಲಿಸಲೇಬೇಕಾದರೆ ಅದೇ ದಪ್ಪದ್ದು. 1 ಮಿಲಿಮೀಟರ್ ಇದ್ದ ಕಡೆ ಒಂದೂವರೆ ಹಾಕಿದರೆ ತಟ್ಟೆ ಮೇಲೆದ್ದು ಚಿಪ್‌ಗೆ ತಾಗುವುದೇ ಇಲ್ಲ, ಮೊದಲಿಗಿಂತ ಕೆಟ್ಟದಾಗುತ್ತದೆ. ಕೂಡಿಸುವಾಗ 1ರಿಂದ 4ರ ಕ್ರಮ, ಬ್ಯಾಟರಿ ಕನೆಕ್ಟರ್ ಕೊನೆಗೆ.

ಪೆಂಗ್ವಿನ್‌ಪಕ್ಷ

ಲಿನಕ್ಸ್‌ನವರು ಈ ಎಳೆ ಓದಿದರೆ: ಇಂಟೆಲ್‌ನಲ್ಲಿ ಸಿಸ್ ಫೈಲ್‌ಸಿಸ್ಟಮ್ ಕೆಳಗಿನ ಇಂಟೆಲ್-ಪಿಸ್ಟೇಟ್ ಫೋಲ್ಡರ್‌ನ ನೋ-ಟರ್ಬೊ ಫೈಲ್‌ಗೆ 1 ಬರೆದರೆ ಟರ್ಬೊ ಬಂದ್. ರೀಬೂಟ್ ಆದರೆ ಹೋಗುತ್ತದೆ, ಸಿಸ್ಟಮ್‌ಡಿ ಸರ್ವೀಸ್ ಒಂದು ಮಾಡಿಡಿ. ಅಳೆಯಲು ಟರ್ಬೊಸ್ಟಾಟ್ ಸಾಕು, ವ್ಯಾಟ್, ತಾಪ, ಕ್ಲಾಕ್ ಒಂದೇ ಸಾಲಿನಲ್ಲಿ. ಎಎಂಡಿಯ ರೈಜನ್ ಪ್ರೊಸೆಸರ್ ಇದ್ದವರಿಗೆ ರೈಜನ್‌ಆ್ಯಡ್ಜ್ ಎಂಬ ಟೂಲ್: ಸ್ಟ್ಯಾಪಮ್, ಫಾಸ್ಟ್, ಸ್ಲೋ ಮೂರೂ ಮಿತಿಯನ್ನು ಮಿಲಿವ್ಯಾಟ್‌ನಲ್ಲಿ ಕೊಡಬೇಕು, 25 ವ್ಯಾಟ್‌ಗೆ 25000. ಕೆಲವು ಯಂತ್ರಗಳ ಫರ್ಮ್‌ವೇರ್ ಸ್ವಲ್ಪ ಹೊತ್ತಿಗೆ ತನ್ನದೇ ಮೌಲ್ಯ ಮರಳಿಸುತ್ತದೆ, ಟೈಮರ್ ಇಟ್ಟು ಮತ್ತೆ ಮತ್ತೆ ಬರೆಯಿಸಬೇಕು.

ಗಣಕಮಿತ್ರ

ಮುಗಿಸಿದೆ. ಸ್ಕ್ರೂಡ್ರೈವರ್ ಅವರು ಹೇಳಿದ ಪದರ ಎರಡೂ ಫ್ಯಾನ್‌ನಲ್ಲಿತ್ತು, ಎಡಗಡೆ ಪೂರ್ತಿ ಮುಚ್ಚಿತ್ತು. ಪೇಸ್ಟ್ ಬದಲಾಯಿತು. ಅದೇ ಸೆಟ್ಟಿಂಗ್, ಅದೇ ಪ್ರಾಜೆಕ್ಟ್, ಜಿಪಿಯು ಇಲ್ಲದೆ: 26 ವ್ಯಾಟ್, 63 ಡಿಗ್ರಿ, ಕೋಣೆ 27. ಕೋರ್‌ಗಳ ಅಂತರ 5 ಡಿಗ್ರಿ.

ಉಳಿದ ಪ್ರಶ್ನೆ: ಈಗ ಟರ್ಬೊ ಮರಳಿಸಬಹುದೇ? ತಾನೇ ಆಫ್ ಆಗುತ್ತಿದ್ದುದು ಶಾಖದಿಂದಲೇ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ? ಯಾವಾಗಲೂ ಚಾರ್ಜರ್‌ನಲ್ಲೇ ಇರುವುದರಿಂದ ಬ್ಯಾಟರಿಗೆ ತೊಂದರೆಯೇ?

ಶಾಖಮಾಪಕ

63ರಲ್ಲಿ 27 ಕಳೆದು 26ರಿಂದ ಭಾಗಿಸಿದರೆ 1.4. 2.4ರಿಂದ 1.4ಕ್ಕೆ. ಯಂತ್ರ ಸರಿಯಾಗಿದೆ.

ಟರ್ಬೊವನ್ನು ಪೂರ್ತಿ ಮರಳಿಸುವ ಬದಲು ವ್ಯಾಟ್ ಮಿತಿ ಹಾಕಿ. ಪ್ರೊಸೆಸರ್ ಹೊಂದಿಸುವ ಥ್ರಾಟಲ್‌ಸ್ಟಾಪ್ ತಂತ್ರಾಂಶದ ಟಿಪಿಎಲ್ ಕಿಟಕಿಯಲ್ಲಿ ಪಿಎಲ್1 (ಸತತ ವ್ಯಾಟ್ ಮಿತಿ), ಪಿಎಲ್2 (ಸ್ವಲ್ಪ ಹೊತ್ತಿನ ವ್ಯಾಟ್ ಮಿತಿ) ಎರಡನ್ನೂ 35 ಮಾಡಿ, ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100ಕ್ಕೆ ತನ್ನಿ. 35ನ್ನು 1.4ರಿಂದ ಗುಣಿಸಿದರೆ 49, ಕೋಣೆಯ 27 ಸೇರಿ 76 ಡಿಗ್ರಿ. ಬೇಸಗೆಯಲ್ಲಿ ಕೋಣೆ 35 ಆದರೆ 84. ಎರಡೂ ಒಪ್ಪುವಂಥದ್ದು. ಜಿಪಿಯು ಜೊತೆಗೆ ಓಡಿಸುವ ದಿನ ಸಿಪಿಯುಗೆ 20–25 ವ್ಯಾಟ್ ಸಾಕು. ಅದರಲ್ಲೇ ಅಂಡರ್‌ವೋಲ್ಟ್ (ವೋಲ್ಟೇಜ್ ಇಳಿಸುವ) ಆಯ್ಕೆ ಬೀಗ ಬಿದ್ದಂತೆ ಕಂಡರೆ, 2019ರ ಡಿಸೆಂಬರ್‌ನಲ್ಲಿ ಬಯಲಾದ ಪ್ಲಂಡರ್‌ವೋಲ್ಟ್ ದೋಷದ ಬಳಿಕ ಬಹಳ ಲ್ಯಾಪ್‌ಟಾಪ್‌ಗಳ ಬಯಾಸ್ ಅದನ್ನು ಮುಚ್ಚಿದೆ. ಹಳೆಯ ಬಯಾಸ್‌ಗೆ ಮರಳುವ ಸಾಹಸ ಬೇಡ.

ಆಫ್ ಆಗುವ ವಿಷಯ: ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಸಿಗುತ್ತದೆ. ಅದು ಸರಿಯಾಗಿ ಶಟ್‌ಡೌನ್ ಆಗಿಲ್ಲ ಎಂದಷ್ಟೇ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಎಚ್‌ಡಬ್ಲ್ಯೂಇನ್ಫೋದಲ್ಲಿ ಲಾಗಿಂಗ್ ಹಾಕಿಡಿ. ಮುಂದೆ ಆಫ್ ಆದರೆ ಫೈಲ್‌ನ ಕೊನೆಯ ಸಾಲು ನೋಡಿ. ತಾಪ 99–100 ಇದ್ದು ಹೋಗಿದ್ದರೆ ಶಾಖ. 75–80 ಇರುವಾಗ, ಸಿಪಿಯು ಜಿಪಿಯು ಎರಡೂ ಒಟ್ಟಿಗೆ ಏರಿದ ಕ್ಷಣದಲ್ಲಿ ಹೋಗಿದ್ದರೆ ಅಡಾಪ್ಟರ್ ಅಥವಾ ವಿಆರ್‌ಎಂ ಕಡೆ ನೋಡಬೇಕು. ಕ್ಲಾಕ್ 800 ಮೆಗಾಹರ್ಟ್ಸ್‌ಗೆ ಬಿದ್ದು ಅಲ್ಲೇ ಕೂತರೆ, ತಾಪ ಕಡಿಮೆಯೇ ಇದ್ದರೆ, ಅದು ಬಿಡಿ-ಪ್ರಾಕ್‌ಹಾಟ್. ಚಿಪ್‌ಗೆ ಹೊರಗಿನಿಂದ ಬರುವ "ನಿಧಾನಿಸು" ಸಂಕೇತ ಅದು. ಅಡಾಪ್ಟರ್ ಗುರುತು ಸಿಗದಿದ್ದಾಗ, ವಿಆರ್‌ಎಂ ಕಾದಾಗ ಬರುತ್ತದೆ. ಥ್ರಾಟಲ್‌ಸ್ಟಾಪ್‌ನಲ್ಲಿ ಅದರ ಗುರುತು ತೆಗೆದು ಬಾಯಿ ಮುಚ್ಚಿಸುವವರಿದ್ದಾರೆ, ಹಾಗೆ ಮಾಡಬೇಡಿ. ಮೊದಲು ಅಡಾಪ್ಟರ್ ಬದಲಿಸಿ ನೋಡಿ.

ಟಾಸ್ಕ್ ಎರರ್‌ಗಳಿಗೆ ಪ್ರಾಜೆಕ್ಟ್ ವೆಬ್‌ಸೈಟ್‌ನ ನಿಮ್ಮ ಟಾಸ್ಕ್ ಪಟ್ಟಿ ನೋಡಿ. "ಎರರ್" ಅಂದರೆ ಟಾಸ್ಕ್ ಅರ್ಧಕ್ಕೆ ಸತ್ತದ್ದು. "ಇನ್‌ವ್ಯಾಲಿಡ್" ಅಂದರೆ ಮುಗಿದರೂ ಉತ್ತರ ಇನ್ನೊಂದು ಯಂತ್ರದ ಉತ್ತರದೊಂದಿಗೆ ಹೊಂದಲಿಲ್ಲ. ಎರಡನೆಯದು ಹೆಚ್ಚು ಗಂಭೀರ, ಏಕೆಂದರೆ ಯಂತ್ರ ತಪ್ಪು ಲೆಕ್ಕ ಮಾಡುತ್ತಿದೆ ಎಂದರ್ಥ. ತಂಪಾದ ಮೇಲೂ ಇನ್‌ವ್ಯಾಲಿಡ್ ಬರುತ್ತಿದ್ದರೆ ಜಿಪಿಯು ಮೆಮೊರಿ ಓವರ್‌ಕ್ಲಾಕ್ ಇದ್ದರೆ ತೆಗೆಯಿರಿ, ರ‍್ಯಾಮ್‌ಗೆ ಮೆಮ್‌ಟೆಸ್ಟ್ ಒಂದು ರಾತ್ರಿ ಹಾಕಿ. ಸರಿಯಾಗುವವರೆಗೆ "ನೋ ನ್ಯೂ ಟಾಸ್ಕ್ಸ್" ಒತ್ತಿಡುವುದು ಉಳಿದ ವಾಲಂಟಿಯರ್‌ಗಳಿಗೆ ಮಾಡುವ ಉಪಕಾರ, ನಿಮ್ಮ ತಪ್ಪು ಉತ್ತರಕ್ಕೆ ಮತ್ತೊಬ್ಬರ ಯಂತ್ರ ಅದೇ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ.

ಬ್ಯಾಟರಿ: ಪೂರ್ತಿ ಚಾರ್ಜ್ ಮತ್ತು ಶಾಖ ಎರಡೂ ಒಟ್ಟಿಗೆ ಇರುವುದು ಲಿಥಿಯಂ ಬ್ಯಾಟರಿಗೆ ಅತಿ ಕೆಟ್ಟ ಸ್ಥಿತಿ. ಬಯಾಸ್‌ನಲ್ಲೋ ತಯಾರಕರ ಆ್ಯಪ್‌ನಲ್ಲೋ ಚಾರ್ಜ್ ಮಿತಿ ಇದ್ದರೆ 60, ಇಲ್ಲದಿದ್ದರೆ ಇರುವುದರಲ್ಲಿ ಕಡಿಮೆಯದು. ಟಚ್‌ಪ್ಯಾಡ್ ಒತ್ತಲು ಗಟ್ಟಿಯಾಗುವುದು, ತಳ ಮೇಜಿನ ಮೇಲೆ ಸಮನಾಗಿ ಕೂರದಿರುವುದು ಬ್ಯಾಟರಿ ಉಬ್ಬಿದ ಲಕ್ಷಣ. ಕಂಡ ದಿನವೇ ಬಳಕೆ ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ, ಸರ್ವೀಸ್‌ಗೆ ಕೊಡಿ. ಬೋಯಿಂಕ್‌ನಲ್ಲಿ "ಸಸ್ಪೆಂಡ್ ವೆನ್ ಕಂಪ್ಯೂಟರ್ ಇಸ್ ಆನ್ ಬ್ಯಾಟರಿ" ಗುರುತು ಇರಲಿ, ಕರೆಂಟ್ ಹೋದಾಗ ತಾನೇ ನಿಲ್ಲುತ್ತದೆ. ಜೊತೆಗೆ "ಲೀವ್ ನಾನ್-ಜಿಪಿಯು ಟಾಸ್ಕ್ಸ್ ಇನ್ ಮೆಮೊರಿ" ಗುರುತು ಮಾಡಿ, ಇಲ್ಲದಿದ್ದರೆ ನಿಂತಾಗಲೆಲ್ಲ ಕೊನೆಯ ಚೆಕ್‌ಪಾಯಿಂಟ್ (ಕೆಲಸ ಉಳಿಸಿಟ್ಟ ಹಂತ) ಆದ ಮೇಲಿನ ಕೆಲಸ ಹಾಳು.

ಕೊನೆಯದಾಗಿ, ವೇಗ ಇಳಿಸಿದ್ದರಿಂದ ಪ್ರತಿ ಟಾಸ್ಕ್‌ಗೂ ಹೆಚ್ಚು ಸಮಯ ಬೇಕು. ಮುಂಗಡವಾಗಿ ಎಷ್ಟು ದಿನದ ಕೆಲಸ ಇಳಿಸಿಕೊಳ್ಳಬೇಕು ಎಂಬ ಸೆಟ್ಟಿಂಗ್‌ಗಳಲ್ಲಿ "ಸ್ಟೋರ್ ಅಟ್ ಲೀಸ್ಟ್" 0.1 ದಿನ, "ಅಡಿಷನಲ್" 0.25 ದಿನ ಇಡಿ. ಹೆಚ್ಚು ಟಾಸ್ಕ್ ಇಳಿಸಿಕೊಂಡು ಡೆಡ್‌ಲೈನ್ ತಪ್ಪಿಸಿಕೊಂಡರೆ, ಮುಗಿಸಿ ಕಳಿಸಿದ ಕೆಲಸಕ್ಕೂ ಕ್ರೆಡಿಟ್ (ಅಂಕ) ಸಿಗದೆ ಹೋಗಬಹುದು.

ಸ್ಕ್ರೂಡ್ರೈವರ್

ಒಂದು ಸೇರಿಸುತ್ತೇನೆ: ವ್ಯಾಟ್‌ಗೆ 1.4 ಎಂಬ ಅಂಕಿ ಮತ್ತೆ 1.8 ದಾಟಿದ ದಿನ ಮೊದಲು ಫ್ಯಾನ್ ಎತ್ತಿ ಧೂಳು ಮಾತ್ರ ತೆಗೆಯಿರಿ, ಹೀಟ್‌ಸಿಂಕ್ ಮುಟ್ಟಬೇಡಿ. ಪೇಸ್ಟ್ ಹೊಸದು, ನೂಲಿನ ಪದರವೇ ಅದಕ್ಕಿಂತ ಬೇಗ ಕಟ್ಟುವುದು. ತೆಗೆದ ಮೇಲೂ ಅಂಕಿ ಇಳಿಯದಿದ್ದರೆ ಕೋರ್‌ಗಳ ಅಂತರ ನೋಡಿ ಇಲ್ಲಿ ಬರೆಯಿರಿ.